ಬ್ಯಾಂಕಾಕಿನ ಮರ್ಯಾದಸ್ಥ ಲೈನ್‌ಮನ್

ದೇವರಿದ್ದಾನೋ ಇಲ್ಲವೋ ಎಂದು ಕೇಳಿದರೆ ನಮ್ಮ ಸೋದರಮಾವ ನಕ್ಕು ಸುಮ್ಮನಾಗುತ್ತಾರೆ. ಕರೆಂಟ್ ಇದೆಯೋ ಇಲ್ಲವೋ ಎಂದು ಕೇಳಿ ನೋಡಿ! "ಈಗ ಐತೆ. ಇನ್ನೊಂದು ಗಳಿಗೆಗೆ ನಾನು ಗ್ಯಾರಂಟಿ ಅಲ್ಲ ಕಣಪ್ಪ" ಎನ್ನುತ್ತಾರೆ.

ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಈಗ ಸಣ್ಣದೊಂದು ತೋಟ, ಒಂದು ಬೋರ್‌ವೆಲ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಕೊಡುತ್ತಾರೋ ಆ ಹೊತ್ತಿಗೆ ಅವರಿಗೆ ಬೆಳಗಾಗುತ್ತದೆ. ಇಂಥವರು ಲ್ಯಾಪ್‌ಟಾಪ್ ಹೊತ್ತು ಥಾಯ್ಲೆಂಡಿಗೆ ಹೊರಟರೆ ಏನಾಗಬೇಕು?

ಹೊರಟದ್ದು ನಮ್ಮ ಕಡೆಯ ಬೌದ್ಧ ಕುಟುಂಬಗಳ ಯಾತ್ರೆಯ ಗುಂಪಿನಲ್ಲಿ. ನಮ್ಮ ಮನೆಯಿಂದ ಮಾವ ಮತ್ತು ನಾನು. ಲ್ಯಾಪ್‌ಟಾಪ್ ಏಕೆ? ಅರಕಲಗೂಡಿನಲ್ಲಿರುವ ನಮ್ಮ ಅವ್ವನಿಗೆ, ಅಂದರೆ ಮಾವನ ಅಕ್ಕನಿಗೆ, ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಅಕ್ಕ-ತಮ್ಮ ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಭಾಷೆಯಲ್ಲಿ ಮಾತಾಡುತ್ತಾರೆ. ಪ್ರತಿ ಸಂಜೆ ಮಾವ ವಿಡಿಯೋದಲ್ಲಿ ಕಾಣಿಸಿಕೊಂಡು "ಉಂಡೆ" ಎಂದು ಸನ್ನೆ ಮಾಡದೆ ಅವ್ವ ಅನ್ನ ಮುಟ್ಟುವುದಿಲ್ಲ. ಫೋನಿನಲ್ಲಿ ಆಗದೇ? ಫೋನಿನಿಂದ ಮಾಡಿದರೆ ಅವ್ವನ ಕಡೆ ಕಿರಿದಾದ ಪಟ್ಟಿಯಷ್ಟೇ ಚಿತ್ರ ಬಂದು, ಬೆರಳುಗಳು ಜೀರಿಗೆ ಕಾಳಿನಂತೆ ಕಾಣುತ್ತವೆ. ಮಾವನ ತಕರಾರು ಬೇರೆ: "ಒಂದು ಕೈಲಿ ಫೋನ್ ಇಡ್ಕಂಡ್ರೆ ಅರ್ಧ ಬಾಯಿ ಮುಚ್ಕಂಡಂಗೆ ಕಣ್ಲಾ!"

ನಾನು ವಿಶ್ವವಿದ್ಯಾಲಯದಲ್ಲಿ ಓದಿದವನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸುತ್ತೇನೆ, ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ವಿಮಾನ ಹತ್ತಲು ಹೊರಟ ದಿನ ಚನ್ನರಾಯಪಟ್ಟಣದ ಹೋಟೆಲಿನಲ್ಲಿ ನಾವು ಹೇಳಿದ್ದು ಇಡ್ಲಿಯೋ ದೋಸೆಯೋ ಖಚಿತವಿಲ್ಲ. ಚಟ್ನಿ ಬರಲಿಲ್ಲ ಎಂಬುದು ಮಾತ್ರ ಖಚಿತ! ಒಳಗಿನಿಂದ ಅಡುಗೆಯವನ ಕೂಗು: "ಯಾವನ್ಲಾ ಅವ್ನು, ಮಿಕ್ಸಿ ವೈರ್ ಕಿತ್ತಾಕ್ದೋನು?" ಓಡಿ ಹೋಗಿ ನೋಡಿದರೆ, ಮಿಕ್ಸಿಯ ಪ್ಲಗ್ಗಿದ್ದ ಜಾಗದಲ್ಲಿ ಮಾವನ ಲ್ಯಾಪ್‌ಟಾಪ್ ಹಾಯಾಗಿ ಕರೆಂಟ್ ಕುಡಿಯುತ್ತಿದೆ.

"ಐದೇ ನಿಮ್ಷ ತಡ್ಕಳಣ್ಣ. ಚಟ್ನಿ ಗುಂಡುಕಲ್ಲಲ್ಲೂ ರುಬ್ಬಬೋದು. ಇದನ್ನ ರುಬ್ಬಕಾಯ್ತದಾ?"

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾವನ ಚೀಲದಿಂದ ಬೆಂಕಿಪೊಟ್ಟಣ ಹೊರಬಿತ್ತು.

"ಬೀಡಿ ಸೇದ್ತೀರಾ ಯಜಮಾನ್ರೇ?"

"ಛೇ ಛೇ, ಇಲ್ಲ ಸಾ. ಲ್ಯಾಪ್‌ಟಾಪ್‌ಗೆ."

ಅಧಿಕಾರಿ ನನ್ನ ಮುಖ ನೋಡಿದರು. ನಾನು ಮೇಲೆ ಚಾವಣಿ ನೋಡಿದೆ. ಪ್ಲಗ್ ಹೊಂದದಿದ್ದರೆ ವೈರು ಕತ್ತರಿಸಿ, ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಸಿಕ್ಕಿಸುವ ನಮ್ಮೂರಿನ ವಿದ್ಯೆಯನ್ನು ಅವರಿಗೆ ಹೇಗೆ ವಿವರಿಸಲಿ? ಪೊಟ್ಟಣ ಅವರ ಪಾಲಾಯಿತು, ಥಾಯ್ಲೆಂಡ್ ಬಚಾವಾಯಿತು! ಎಲ್ಲ ದೇಶಗಳ ತೂತಿಗೂ ಹೊಂದುವ ಅಡಾಪ್ಟರೊಂದನ್ನು ನಾನು ಅಲ್ಲೇ ಕೊಂಡೆ. "ಎರಡು ಕಡ್ಡೀಲಿ ಆಗೋ ಕೆಲ್ಸಕ್ಕೆ ಇಷ್ಟು ದೊಡ್ಡ ಡಬ್ಬವಾ?" ಎಂದು ಮಾವ ಮೂಗು ಮುರಿದರು.

ಬ್ಯಾಂಕಾಕಿನ ಹೋಟೆಲ್ ತಲುಪಿದ್ದೇ ತಡ, ಡ್ರಿಲ್ ದನಿಯಲ್ಲಿ ರಿಸೆಪ್ಷನ್ ಹುಡುಗಿಗೆ ಪ್ರಶ್ನೆ: "ಮೇಡಂ! ತ್ರೀ ಫೇಸ್, ವಾಟ್ ಟೈಮ್?"

ಆಕೆ ಕೈಮುಗಿದು ನಕ್ಕಳು. ಬಂದವರೆಲ್ಲ ಕೇಳುವುದು ತಿಂಡಿಯ ಹೊತ್ತನ್ನಲ್ಲವೇ? "ಸೆವೆನ್ ಟು ಟೆನ್, ಸರ್."

"ನೋಡ್ದಾ? ಏಳರಿಂದ ಹತ್ತಂತೆ. ಫಾರಿನ್ನು ಫಾರಿನ್ನು ಅಂತೀಯ, ಇಲ್ಲೂ ನಮ್ಮೂರ ಅಣೇಬರಾನೇ!"

ರೂಮು ತೋರಿಸಲು ಬಂದವನು ಬೀಗದ ಬದಲು ಒಂದು ಕಾರ್ಡು ತೋರಿಸಿ ಬಾಗಿಲು ತೆರೆದ. ಆ ಕಾರ್ಡನ್ನು ಗೋಡೆಯ ಸಣ್ಣ ಗೂಡಿಗೆ ಸಿಕ್ಕಿಸಿ ಹೋದ. ಕಾರ್ಡು ಇಡಲೊಂದು ಜಾಗ ಮಾಡಿದ್ದಾರೆ, ಎಷ್ಟು ಅಚ್ಚುಕಟ್ಟು ಎಂದುಕೊಂಡೆ. ಹೊರಗೆ ಹೋಗುವಾಗ ತೆಗೆದುಕೊಂಡೆ, ಬಂದಾಗ ಅಲ್ಲೇ ಇಟ್ಟೆ. ಅಷ್ಟರಲ್ಲಿ ಮಾವ ಒಂದು ಪವಾಡ ಕಂಡುಹಿಡಿದಿದ್ದರು: ನಾವು ಹೊರಟ ಕೂಡಲೇ ಕರೆಂಟ್ ಹೋಗುತ್ತದೆ, ಬಂದ ಕೂಡಲೇ ಬರುತ್ತದೆ!

"ಎಂಥಾ ಮರ್ಯಾದಸ್ಥ ಲೈನ್‌ಮನ್ನು ನೋಡ್ಲಾ! ನಮ್ಮ ಕಡೆಯೋನು ನಾವು ಮನೇಲಿದ್ದಾಗ್ಲೇ ತೆಗೀತಾನೆ. ಇವ್ನು ನಾವು ಆಚಿಗೆ ಓಗಗಂಟ ಕಾಯ್ತಾನೆ!"

ನಾನು ನಂಬಲಿಲ್ಲ. ಬೇರೆ ವಿವರಣೆಯೂ ಹೊಳೆಯಲಿಲ್ಲ. ಅಷ್ಟು ಓದಿದ್ದು ಏತಕ್ಕೆ?

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಕಾರ್ಡು ಮರೆತು ಬಂದೆ. "ನಿನ್ನ ತಲೆ ನಂಬ್ಕಂಡ್ರೆ ಬೀದೀಲಿ ಮನಗ್ಬೇಕಾಯ್ತದೆ" ಎಂದು ಮಾವ ಅದನ್ನು ತಂದು, ಅಂಗಿಯೊಳಗಿನ ಬನಿಯನ್ ಜೇಬಿಗೆ ಸೇರಿಸಿದರು. ನಡುವೆ ಒಂದು ಗಳಿಗೆಯಾದರೂ ಕರೆಂಟ್ ಬಂದೀತೆಂದು ಖಾಲಿಯಾಗಿದ್ದ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಅಯುತ್ಥಯ ಎಂಬ ಹಳೆಯ ರಾಜಧಾನಿಗೆ ಹೋದೆವು. ಬುದ್ಧನನ್ನು ನೋಡಿ ಸಂಜೆ ಹಿಂದಿರುಗಿದರೆ ರೂಮು ಕತ್ತಲೆ. ಬಾಗಿಲು ತೆರೆದ ಕಾರ್ಡು ಮತ್ತೆ ಬನಿಯನ್ ಸೇರಿತ್ತು. ಲ್ಯಾಪ್‌ಟಾಪ್ ಸತ್ತು ಬಿದ್ದಿತ್ತು. ಅಷ್ಟರಲ್ಲಿ ನನ್ನ ಫೋನಿಗೆ ತಂಗಿಯ ಕರೆ.

"ಅಣ್ಣ, ಮಾವ ಎಲ್ಲಿ? ಅವ್ವ ಆಗ್ಲಿಂದ ತಟ್ಟೆ ಮುಂದೆ ಕುಂತವ್ಳೆ. ಉಣ್ಣು ಅಂದ್ರೆ ಕೈ ಒದರ್ತಾವ್ಳೆ."

ಮಾವ ಕಿಟಕಿಗೆ ಓಡಿದರು. "ಎದುರು ಬಿಲ್ಡಿಂಗ್‌ಗೆ ಐತೆ! ಅವ್ರ ಫೀಡರ್ ಲೈನೇ ಬೇರೆ. ಇವತ್ತು ಲೈನ್‌ಮನ್‌ಗೆ ನಾವು ಬಂದಿದ್ದು ಗೊತ್ತಾಗಿಲ್ಲ ಕಣ್ಲಾ!"

ನನಗೆ ನಗು ತಡೆಯಲಾಗಲಿಲ್ಲ. "ಐದು ನಿಮ್ಷ ಕರೆಂಟ್ ಇಲ್ದಿದ್ರೆ ಏನಾಯ್ತದೆ ಬುಡಿ ಮಾವ."

ಮಾವ ನಗಲಿಲ್ಲ. "ಕರೆಂಟ್ ಓದ್ರೆ ನಿಂಗೆ ಬೆಳಕು ಓಯ್ತದೆ. ನಿಮ್ಮವ್ವಂಗೆ ಮಾತೇ ಓಯ್ತದೆ ಕಣ್ಲಾ."

ನಾನು ರಿಸೆಪ್ಷನ್ನಿಗೆ ಫೋನ್ ಮಾಡಿದೆ. "ಕಾರ್ಡ್, ಸರ್. ಗೋಡೆಯಲ್ಲಿ ಹಾಕಿ" ಎಂದು ಆಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಮಾವನ ಬನಿಯನ್ನಿಗೇ ಕೈಹಾಕಿ ಕಾರ್ಡು ತೆಗೆದು ಗೂಡಿಗೆ ಸಿಕ್ಕಿಸಿದೆ. ರೂಮು ಝಗ್ಗೆಂದಿತು.

"ಲೈನ್‌ಮನ್ನು ನಿಮ್ಮ ಜೇಬಲ್ಲೇ ಇದ್ದ, ಮಾವ!"

"ಅಂಗಾರೆ ನೆನ್ನೆಯೆಲ್ಲಾ ತೆಗೀತಿದ್ದ ಲೈನ್‌ಮನ್ನು ನೀನೇ ಏನ್ಲಾ?"

ಲ್ಯಾಪ್‌ಟಾಪ್ ಕಣ್ಣು ಬಿಡುವಷ್ಟರಲ್ಲಿ ಮಾವ ಮಂಚದ ದೀಪ, ಮೇಜಿನ ದೀಪ ಎಲ್ಲವನ್ನೂ ತಮ್ಮ ಕೈಗಳತ್ತ ತಿರುಗಿಸಿಕೊಂಡು ಕೂತಿದ್ದರು. ಪರದೆಯಲ್ಲಿ ಅವ್ವ ಬಂದಳು. ಮಾವನ ಕೈಗಳು ಕಂಬ ಹತ್ತಿದವು, ಲೈನ್‌ಮನ್ ಆದವು, ನನ್ನ ಪೆದ್ದು ಮುಖವಾದವು. ಅವ್ವ ನಕ್ಕಳು; ತನಗೆ ಕೇಳಿಸದ, ನಮಗೆಲ್ಲ ಕೇಳಿಸುವ ದೊಡ್ಡ ನಗು.

ಆಗ ನನಗೊಂದು ಚಿತ್ರ ಕಣ್ಣಿಗೆ ಬಂತು, ನೆನಪೋ ಕಲ್ಪನೆಯೋ. ನಾನು ಚಿಕ್ಕವನಿದ್ದಾಗ ಕರೆಂಟ್ ಹೋದರೆ ಮಾವ ಲಾಟೀನನ್ನು ನಡುಮನೆಗೆ ಇಡದೆ ತಮ್ಮ ಮಂಡಿಗಳ ನಡುವೆಯೇ ಇಟ್ಟುಕೊಳ್ಳುತ್ತಿದ್ದರು. "ಇರೋ ಬೆಳಕೆಲ್ಲಾ ಇವ್ನೊಬ್ಬನಿಗೇ ಬೇಕು" ಎಂದು ಅಜ್ಜಿ ಬೈಯುತ್ತಿದ್ದಳು. ನಿಜವೇ ಎಂದು ಅವ್ವನನ್ನು ಕೈಯಲ್ಲೇ ಕೇಳಿದೆ.

ಅವ್ವ ತಿದ್ದಿದಳು: ಲಾಟೀನಲ್ಲ, ಬುಡ್ಡಿದೀಪ. ಆಮೇಲೆ ತನ್ನ ಹುಬ್ಬಿನ ಮೇಲೆ ಬೆರಳೆಳೆದು, ತಮ್ಮನ ಹುಬ್ಬಿನತ್ತ ತೋರಿಸಿ, ಬುಡ್ಡಿಯ ಉರಿಗೆ ಸುಟ್ಟ ಜಾಗಕ್ಕೆ ಊದುವಂತೆ ಪರದೆಗೆ ಊದಿದಳು.

ಮಾವ ಬೇರೆ ಕಡೆ ನೋಡಿದರು. ಬಳಿಕ ಹೊಟ್ಟೆ ಸವರಿಕೊಂಡು, ಐದೂ ಬೆರಳು ಬಾಯಿಗೆ ತಂದು, "ಉಂಡೆ" ಎಂದರು. ನಾವಿನ್ನೂ ಉಂಡಿರಲಿಲ್ಲ.

ಅವ್ವ ಮುದ್ದೆ ಮುರಿದಳು.