ಕಾಕಾನ ಪಾಸ್‌ವರ್ಡಿನ ಅರ್ಧ ಉಕಾರ

ಜಗತ್ತಿನ ಹ್ಯಾಕರುಗಳೆಲ್ಲ ಸೇರಿ ಡೊಂಬಿವಲಿಯ ಒಬ್ಬ ನಿವೃತ್ತ ಹೋಟೆಲ್ ಮ್ಯಾನೇಜರರ ಇಮೇಲಿನ ಮೇಲೆ ಕಣ್ಣಿಟ್ಟಿದ್ದಾರೆ ಎಂದರೆ ನೀವು ನಂಬುತ್ತೀರಾ? ನಮ್ಮ ಕಾಕಾ ನಂಬಿದ್ದರು!

ಕಾಕಾ ನನಗೆ ರಕ್ತಸಂಬಂಧಿಯಲ್ಲ, ಗೋಡೆಸಂಬಂಧಿ. ನಾವು ವಿಜಯಪುರದವರು, ಅವರು ಉಡುಪಿ ಕಡೆಯವರು. ನಡುವೆ ಒಂದೇ ಗೋಡೆ. ಅವರ ಇನ್‌ಬಾಕ್ಸಿನಲ್ಲಿ ಇದ್ದದ್ದಾದರೂ ಏನು? ಸಂಬಂಧಿಕರ ಮದುವೆ ಕರೆಯೋಲೆಗಳು ಮತ್ತು ಐರೋಲಿಯ ಭಾವಮೈದ ದಿನಾ ಕಳಿಸುವ ಶುಭೋದಯದ ಗುಲಾಬಿಗಳು. ಹ್ಯಾಕರ್ ಒಳನುಗ್ಗಿದ್ದರೆ ಬೇಸರದಿಂದಲೇ ಸಾಯುತ್ತಿದ್ದ.

ಮನೆಗೆ ಕಂಪ್ಯೂಟರ್ ಬರುವ ಮೊದಲು ಸ್ಟೇಷನ್ ಪಕ್ಕದ ಸೈಬರ್ ಕೆಫೆಗೆ ಹೋಗುತ್ತಿದ್ದರು. ಪಾಸ್‌ವರ್ಡ್ ಹಾಕುವಾಗ ಕೊಡೆ ಬಿಚ್ಚಿ ಮರೆ ಮಾಡಿಕೊಳ್ಳುವರು! ಎದ್ದು ಬರುವಾಗ ಕೀಲಿಮಣೆಯನ್ನು ಕರವಸ್ತ್ರದಿಂದ ಒರೆಸುವರು, ಬೆರಳಿನ ಗುರುತು ಉಳಿಯಬಾರದಲ್ಲ. ಕೆಫೆಯವನಿಗೆ ಮಾತ್ರ ಬಲು ಖುಷಿ. ಅವನ ಅಂಗಡಿಯಲ್ಲಿ ಫಳಫಳ ಹೊಳೆಯುವ ಕೀಬೋರ್ಡ್ ಅದೊಂದೇ.

ಒಮ್ಮೆ, ‘ನಿಮ್ಮ ಖಾತೆ ಮುಚ್ಚಲಿದೆ, ಪಾಸ್‌ವರ್ಡ್ ತಿಳಿಸಿ’ ಎಂದು ಯಾವನೋ ಬರೆದ. ಕಾಕಾ ಮರು ಟಪಾಲಿನಲ್ಲಿ ಅವನ ಊರು ಯಾವುದು, ಮನೆ ಯಾವುದು, ತಾಯಿ ಕಡೆಯವರು ಯಾರು ಎಂದು ವಿಚಾರಿಸಿದರು. ಕರಾವಳಿಯವರು ಇಷ್ಟು ಕೇಳದೆ ಯಾರಿಗೂ ಏನನ್ನೂ ಕೊಡುವುದಿಲ್ಲವಂತೆ. ಆ ಕಳ್ಳನ ಉತ್ತರ ಇವತ್ತಿಗೂ ಬಂದಿಲ್ಲ.

ಇನ್ನು ಪಾಸ್‌ವರ್ಡ್! ಹ್ಯಾಕರಿಗೆ ತುಳು ಬರುವುದಿಲ್ಲ ಎಂಬುದು ಕಾಕಾನ ಬ್ರಹ್ಮಾಸ್ತ್ರ. ಹಾಗಾಗಿ ‘ಕುಕ್ಕುದ ಉಪ್ಪಡ್’, ಅಂದರೆ ಮಾವಿನಕಾಯಿ ಉಪ್ಪಿನಕಾಯಿ, ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದರು. ಅದರ ಕೊನೆಗೊಂದು ಅರ್ಧ ಉಕಾರ ಇದೆಯಂತೆ. ತುಳುವರ ಗಂಟಲಿನಲ್ಲಿ ಹುಟ್ಟಿ ಅಲ್ಲಿಯೇ ಕರಗುವ ಸ್ವರ. ಅದನ್ನು ಇಂಗ್ಲಿಷಿನಲ್ಲಿ ‘ಯು’ ಎಂದು ಬರೆಯಬೇಕೋ, ‘ಇ’ ಎಂದೋ, ಬಿಟ್ಟೇಬಿಡಬೇಕೋ? ದೇವರೇ ಬಲ್ಲ!

ಪಾಸ್‌ವರ್ಡಿನ ಈ ಗುಟ್ಟು ನನಗೆ ಗೊತ್ತಾದದ್ದು ಒಂದು ಭಾನುವಾರ. ಕಾಕಾನ ಹೆಂಡತಿ ಕಾಕುವಿನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದರ ತುಣುಕನ್ನು ಠಾಣೆ ನಗರದ ಲ್ಯಾಬಿಗೆ ಕಳಿಸಿದ್ದರು. ರಿಪೋರ್ಟ್ ಇಮೇಲಿಗೇ ಬರಲಿ ಎಂದು ಕಾಕಾ ಹಟ ಹಿಡಿದಿದ್ದರು. ಅದು ಬಂದಿತ್ತು, ಆದರೆ ಪಾಸ್‌ವರ್ಡ್ ಮರೆತಿತ್ತು! ನನಗೆ ಬುಲಾವ್ ಬಂತು.

‘ಯು’ ಹಾಕಿದರು, ತಪ್ಪು. ‘ಇ’ ಹಾಕಿದರು, ತಪ್ಪು. ‘ಉಪ್ಪಡ್, ಉಪ್ಪಡ್’ ಎಂದು ನನ್ನಿಂದಲೂ ಹೇಳಿಸಿದರು. ನನ್ನ ವಿಜಯಪುರದ ಬಾಯಲ್ಲಿ ಆ ಉಪ್ಪಿನಕಾಯಿ ಪೂರ್ತಿ ಹಾಳಾಯಿತು. ಅಡುಗೆಮನೆಯಿಂದ ಕಾಕುವಿನ ನಗು ಕೇಳಿಸಿತು. ಅವರು ಎಂದಿನಂತೆ ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದರು.

ನನಗೆ ತಾಳ್ಮೆ ಕೆಟ್ಟಿತು. “ಬಿಡ್ರಿ ಕಾಕಾ, ಲ್ಯಾಬಿಗೇ ಫೋನ್ ಹಚ್ಚತೀನಿ,” ಎಂದು ಮೊಬೈಲ್ ತೆಗೆದೆ.

ಕಾಕಾ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು.

“ಬೇಡ ಮಾರಾಯ,” ಎಂದರು ಸಣ್ಣ ದನಿಯಲ್ಲಿ. “ಪಾಸ್‌ವರ್ಡ್ ಮರೆತಿಲ್ಲ. ರಿಪೋರ್ಟ್ ತೆಗೆದು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಕೊನೆಗೆ ಏನೂ ಇಲ್ಲ, ‘ಡಿ’ಗೆ ನಿಲ್ಲಿಸು. ನೀನೇ ನೋಡು.”

ಅಷ್ಟು ಹೇಳಿ ಕಿಟಕಿಯತ್ತ ಮುಖ ಮಾಡಿ ನಿಂತರು. ಇಷ್ಟು ಹೊತ್ತು ನಗುತ್ತಿದ್ದ ನನಗೆ ನಾಚಿಕೆಯಾಯಿತು. ‘ಡಿ’ಗೆ ನಿಲ್ಲಿಸಿ ಒತ್ತಿದೆ. ರಿಪೋರ್ಟ್ ತೆರೆಯಿತು. ಓದಿದೆ, ನಂಬಿಕೆ ಬಾರದೆ ಮತ್ತೆ ಓದಿದೆ.

“ಕಾಕಾ, ಕ್ಯಾನ್ಸರ್ ಅಲ್ಲರೀ. ಸಾದಾ ಗಂಟಂತ.”

ಕಾಕಾ ಕಿಟಕಿಯ ಸರಳು ಹಿಡಿದುಕೊಂಡೇ ನೆಲಕ್ಕೆ ಕುಸಿದು, ಗಟ್ಟಿಯಾಗಿ ಅತ್ತರು. ನನ್ನ ಎದೆಯ ಭಾರವೂ ಇಳಿದು ಕಣ್ಣು ತುಂಬಿತು.

ಕಾಕು ಮಸಾಲೆಯ ಕೈಯಲ್ಲೇ ಹೊರಬಂದರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ಅರ್ಥವಾಯಿತು.

“ಇವರು ಹೆದರಿದ್ದಾರೆ, ನಾನೂ ಹೆದರಿದ್ರೆ ಹೇಗೆ ಅಂತ ತಡ್ಕೊಂಡಿದ್ದೆ ಮಾರಾಯ,” ಎಂದರು. “ಗ್ಯಾಸ್ ಸ್ವಲ್ಪ ಬಂದ್ ಮಾಡು. ನನ್ನ ಕಾಲು ನಿಲ್ಲುದಿಲ್ಲ.”

ಹಾಗೆಂದು ಕಾಕಾನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವರ ಭುಜಕ್ಕೆ ತಲೆಯಿಟ್ಟರು.