ಹೆಣವಾಗುವ ವಿದ್ಯೆ

ನಮ್ಮ ಮೊಮ್ಮಗಳು ಸಿಂಚನ ಸತ್ತಿದ್ದಕ್ಕೆ ಮೊದಲನೇ ಬಹುಮಾನ ಬಂದಿದೆ!

ಗಾಬರಿಯಾಗಬೇಡಿ. ಸತ್ತಿದ್ದು ನಾಟಕದಲ್ಲಿ. ಹುಡುಗಿ ಇದೀಗ ಪಡಸಾಲೆಯಲ್ಲಿ ಅವಳವ್ವನ ಜೊತೆ ಮೊಬೈಲಿಗಾಗಿ ಜಗಳ ಆಡುತ್ತಾ ಗಟ್ಟಿಮುಟ್ಟಾಗಿದ್ದಾಳೆ. ಹರಪನಹಳ್ಳಿಯಲ್ಲಿ ನಡೆದ ಹೈಸ್ಕೂಲು ಮಕ್ಕಳ ನಾಟಕ ಸ್ಪರ್ಧೆಯಲ್ಲಿ ಅತ್ಯುತ್ತಮ ನಟಿ ಯಾರು? ತೆಲಿಗಿ ಕಡೆಯ ನಮ್ಮ ಸಿಂಚನ! ಒಂಬತ್ತನೇ ಕ್ಲಾಸು! ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಹಾಲಿನ ಡೈರಿಯಲ್ಲಿ ಹೇಳಿದೆ. ಹಿಟ್ಟಿನ ಗಿರಣಿಯಲ್ಲಿ ಎರಡು ಸಲ ಹೇಳಿದೆ, ಯಾಕೆಂದರೆ ಮೊದಲನೇ ಸಲ ಗಿರಣಿ ಓಡುತ್ತಿತ್ತು. ಇನ್ನು ಹೇಳಲು ಯಾರೂ ಉಳಿದಿಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರ ಸೊಟ್ಟಗಿದ್ದರೂ ಸಂತೋಷ ನೆಟ್ಟಗಿದೆ.

ಈ ಬಹುಮಾನದಲ್ಲಿ ನನ್ನ ಪಾಲು ದೊಡ್ಡದು. ಸಾಯುವ ವಿದ್ಯೆಯನ್ನು ಕಲಿಸಿದವನು ನಾನು. ಬಹುಮಾನ ತಪ್ಪಿಸಲು ಹೊರಟವನೂ ನಾನೇ!

ನಮ್ಮೂರ ನಾಟಕದಲ್ಲಿ ನಾನು ಮೂವತ್ತು ವರ್ಷ ಬಣ್ಣ ಹಚ್ಚಿದ್ದೇನೆ. ನನಗೆ ಮಾತಿನ ಪುಸ್ತಕ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಅದಕ್ಕೇ ಮಾತಿಲ್ಲದ ಪಾತ್ರ ಕೊಡುತ್ತಿದ್ದರು. ಮೊದಲು ಬಾಗಿಲು ಕಾಯುವವನಾದೆ. ಒಂದು ಸಲ ಆಟದ ನಡುವೆ ನಿಂತಲ್ಲೇ ಆಕಳಿಸಿದೆ. ಮರುವರ್ಷದಿಂದ ಹೆಣವಾದೆ. ಅದು ನನಗೆ ಒಗ್ಗಿತು. ಯಾರ ಅಪ್ಪ ಸಾಯಲಿ, ಯಾರ ಅಣ್ಣ ಸಾಯಲಿ, ಮಲಗುವವನು ನಾನೇ. ಜನ ನನ್ನನ್ನು ‘ಹೆಣದ ಕೊಟ್ರಪ್ಪ’ ಎಂದೇ ಕರೆದರು. ನನ್ನ ಮದುವೆ ಮಾತುಕತೆಯ ಹೊತ್ತಿನಲ್ಲಿ ಈ ಬಿರುದಿನಿಂದ ಸ್ವಲ್ಪ ತೊಂದರೆಯಾಯಿತು ಎನ್ನುವುದು ಬೇರೆ ಮಾತು.

ಆದರೆ ಒಂದು ಕೊರತೆ ಉಳಿದುಬಿಟ್ಟಿತು. ನಮ್ಮ ಕಡೆ ನಾಟಕದಲ್ಲಿ ಆಯಾರ ಮಾಡುವ ಪದ್ಧತಿ ಇದೆ. ಪಾತ್ರಧಾರಿ ಚೆನ್ನಾಗಿ ಮಾಡಿದರೆ, ಆಟ ನಡೆಯುತ್ತಿರುವಾಗಲೇ ಅವನ ನೆಂಟರು ಸ್ಟೇಜು ಹತ್ತಿ ಹಾರ ಹಾಕಿ, ಹೆಗಲಿಗೆ ಟವೆಲು ಹೊದಿಸುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ. ಯುದ್ಧ ನಿಲ್ಲುತ್ತದೆ. ಪಾತ್ರಧಾರಿ ಎದ್ದು ನಿಂತು ಕೈಮುಗಿಯುತ್ತಾನೆ. ಮತ್ತೆ ಯುದ್ಧ ಶುರುವಾಗುತ್ತದೆ. ರಾಜನಿಗೆ ಆಯಾರ ಬಂತು, ರಾಣಿಗೆ ಬಂತು, ತಬಲಾದವನಿಗೂ ಬಂತು. ಹೆಣಕ್ಕೆ ಯಾರು ಮಾಡುತ್ತಾರೆ? ಮೂವತ್ತು ವರ್ಷದಲ್ಲಿ ನನ್ನ ಹೆಗಲಿಗೆ ಒಂದು ಟವೆಲು ಬೀಳಲಿಲ್ಲ.

ಇರಲಿ. ಸಿಂಚನಳ ಶಾಲೆಗೆ ಫಕ್ಕೀರೇಶ ಎಂಬ ನಾಟಕದ ಮೇಷ್ಟ್ರು ಬಂದರು. ಹಡಗಲಿ ಕಡೆಯವರು, ನಾಟಕದಲ್ಲೇ ಓದಿ ಪಾಸಾದವರು. ಅವರು ಬರೆದ ನಾಟಕದಲ್ಲಿ ಒಬ್ಬ ಮುದುಕಿ ಪರದೆ ಏಳುವ ಮೊದಲೇ ಸತ್ತಿರುತ್ತಾಳೆ. ಅವಳನ್ನು ಯಾವ ಹೊಲದಲ್ಲಿ ಮಣ್ಣು ಮಾಡಬೇಕೆಂದು ಮೂವರು ಮಕ್ಕಳು ಹೆಣದ ಮುಂದೆಯೇ ಜಗಳಕ್ಕೆ ಬೀಳುತ್ತಾರೆ. ಕೊನೆಗೆ, ಬೆಳಗ್ಗಿನಿಂದ ತಾವು ಒಬ್ಬರೂ ಅತ್ತಿಲ್ಲ ಎಂಬುದು ಹಿರಿಯ ಮಗನಿಗೆ ಹೊಳೆಯುತ್ತದೆ. ಆ ಮುದುಕಿಯ ಪಾತ್ರ ಸಿಂಚನಳದು. ನಾಟಕ ಪೂರ್ತಿ ಸುಮ್ಮನೆ ಮಲಗಬೇಕು. ಅವಳೋ, ನಿದ್ದೆಯಲ್ಲೂ ಹತ್ತು ಸಲ ಮಗ್ಗುಲು ಬದಲಿಸುವ ಹುಡುಗಿ!

“ನಮ್ಮಜ್ಜ ಇದರಾಗ ಭಾಳ ದೊಡ್ಡ ಕಲಾವಿದ ಅದಾನ ಸಾರ್” ಎಂದಳಂತೆ. ಮೇಷ್ಟ್ರು ಮನೆಗೇ ಬಂದರು.

“ಅಜ್ಜಾರ, ಮಕ್ಕಳಿಗೆ ಉನ್ನತ ಅಭಿನಯದ ಒಂದು ಪಾಠ ಹೇಳಿಕೊಡಬೇಕ್ರಿ.”

ಉನ್ನತ ಅಭಿನಯ! ನಾನು ಮೀಸೆ ತಿರುವಿದೆ. ಒಳಗಿನಿಂದ ನನ್ನ ಹೆಂಡತಿ ಹಾಲಮ್ಮ ಕೂಗಿದಳು: “ಮಲಕೊಳ್ಳಾದು ಹೆಂಗ ಅಂತ ಹೇಳಿಕೊಡಾಕ ಇವರಷ್ಟು ಚಲೋ ಮೇಷ್ಟ್ರು ಈ ಸೀಮ್ಯಾಗ ಇಲ್ಲ ಬಿಡ್ರಿ!”

ಮರುದಿನ ಇಸ್ತ್ರಿ ಮಾಡಿದ ಧೋತರ ಉಟ್ಟು ಶಾಲೆಗೆ ಹೋದೆ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ವಿದ್ಯೆಯ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ.

“ನೋಡ್ರಿ, ಎದಿ ಏರಿಸಿ ಇಳಿಸಿ ಉಸಿರಾಡಬಾರದು. ಉಳಿದೋರು ಕೂಗಾಡುವಾಗ ಸಣ್ಣಗ ಉಸಿರು ತಗೋಬೇಕು. ಮೂಗು ತುರಿಸಿದರ ನಾಲಿಗಿ ಅಂಗುಳಕ್ಕ ಒತ್ತಿ ಹಿಡೀಬೇಕು, ತುರಿಕಿ ತಾನಾ ಹೋಗತೈತಿ. ಆಕಾಶ ಕಳಚಿ ಬಿದ್ದರೂ ಹೆಣ ಏಳಬಾರದು!”

ಬಾಯಲ್ಲಿ ಹೇಳಿದರೆ ಸಾಲದೆಂದು ನೆಲಕ್ಕೆ ಉರುಳಿ ಸತ್ತು ತೋರಿಸಿದೆ. ಎಷ್ಟು ಚೆನ್ನಾಗಿ ಸತ್ತೆನೆಂದರೆ, ಕ್ಲಾಸು ಪೂರ್ತಿ ಗಪ್‌ಚಿಪ್. ಮೇಷ್ಟ್ರು ಆಫೀಸಿಗೆ ಹೋಗಿದ್ದರು. ಅಷ್ಟರಲ್ಲಿ ಬಿಸಿಯೂಟದ ಅಡುಗೆಯಾಕೆ ಬಾಗಿಲಲ್ಲಿ ಇಣುಕಿದಳು. ನಡುವೆ ಮುದುಕ ಅಂಗಾತ. ಸುತ್ತ ಮಕ್ಕಳು ಮೌನ.

“ಅಯ್ಯಯ್ಯೋ, ಕೊಟ್ರಪ್ಪಜ್ಜ ಹೋಗಿಬಿಟ್ನಲ್ರೋ!” ಎಂದು ಚೀರುತ್ತಾ ಓಡಿದಳು.

ನಾನು ಏಳಬಹುದಿತ್ತು. ಆದರೆ ಆಕಾಶ ಬಿದ್ದರೂ ಏಳಬಾರದೆಂದು ಆಗಷ್ಟೇ ಹೇಳಿದ್ದೆನಲ್ಲ! ಪಾಠ ಪಾಠವೇ. ಮಲಗಿದೆ. ಸ್ವಲ್ಪ ಹೊತ್ತಿಗೆ ಹಾಲಮ್ಮ, ಕೈಗೆ ಹತ್ತಿದ ಹಿಟ್ಟಿನ ಸಮೇತ, ಎದೆ ಬಡಿದುಕೊಳ್ಳುತ್ತಾ ಬಂದು ನನ್ನ ಮೇಲೆ ಬಿದ್ದಳು. ಆಗಲೂ ಅಲುಗಾಡಲಿಲ್ಲ. ನಿಜ ಹೇಳುತ್ತೇನೆ, ನನಗಾಗಿ ಅವಳು ಏನೆಂದು ಅಳುತ್ತಾಳೋ ಕೇಳುವ ಆಸೆಯೂ ಇತ್ತು.

“ನನ್ನ ರಾಜಾ! ಹಿಂಗ ಹೇಳದಾ ಹೋಗ್ತಾರೇನ್ರೀ! ಹೋಗಾದು ಹೊಕ್ಕೀರಿ, ಡೈರಿಗೆ ಹಾಲನ್ನಾರ ಹಾಕಿ ಹೋಗಬಾರದಿತ್ತಾ!”

ಹೊಟ್ಟೆಯೊಳಗಿನಿಂದ ನಗು ಬುಳಕ್ಕನೆ ಬಂತು. ಹೆಣ ಎದ್ದು ಕೂತಿತು!

ಮುಂದೆ ನಡೆದದ್ದನ್ನು ಮಕ್ಕಳು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. ಹಿಟ್ಟಿನ ಐದು ಬೆರಳು ನನ್ನ ಬೆನ್ನ ಮೇಲೆ ಅಚ್ಚಾದವು. “ನಿಮ್ಮ ಉನ್ನತಕ್ಕ ಬೆಂಕಿ ಹಾಕ!” ಎಂದು ಹಾಲಮ್ಮ ಮನೆಯ ದಾರಿ ಹಿಡಿದಳು. ಸಿಂಚನ ಮಾತ್ರ ನನ್ನನ್ನು ದಿಟ್ಟಿಸಿ ನೋಡಿ ಹೇಳಿದಳು: “ಅಜ್ಜಾ, ನೀನು ಎದ್ದುಬಿಟ್ಟಿ. ನಾನು ಏಳಂಗಿಲ್ಲ ನೋಡು.”

ಅಂದಿನಿಂದ ಅವಳು ದಿನಾ ಪಡಸಾಲೆಯಲ್ಲಿ ಸಾಯತೊಡಗಿದಳು. ಕಾಲ ಮೇಲೆ ಇರುವೆ ಹರಿದರೂ ಇಲ್ಲ, ಬೆಕ್ಕು ಮುಖ ನೆಕ್ಕಿದರೂ ಇಲ್ಲ. ನಾನು ಪಕ್ಕದಲ್ಲಿ ಕೂತು ರೆಪ್ಪೆ ಕಾಯುತ್ತಿದ್ದೆ. ನೋಡುತ್ತಾ ನೋಡುತ್ತಾ ನನಗೊಂದು ವಿಚಾರ ಹೊಳೆಯಿತು. ಈ ಹುಡುಗಿಗೆ ನನ್ನ ಗತಿ ಬರಬಾರದು. ಹೆಣಕ್ಕೂ ಆಯಾರ ಆಗಲೇಬೇಕು!

ಸ್ಪರ್ಧೆಯ ದಿನ ಹರಪನಹಳ್ಳಿಯಲ್ಲಿ ಬಸ್ಸಿಳಿದವನೇ ಜರಿ ಅಂಚಿನ ಟವೆಲು ಕೊಂಡೆ. ತೋಳುದ್ದದ ಹಡಗಲಿ ಮಲ್ಲಿಗೆ ಹಾರ ಕಟ್ಟಿಸಿದೆ. ಎರಡನ್ನೂ ಚೀಲದಲ್ಲಿ ಅಡಗಿಸಿ ಮುಂದಿನ ಸಾಲಿನಲ್ಲೇ ಕೂತೆ. ಹಾಲಮ್ಮ ಮೂಗರಳಿಸಿ, “ಇದೇನ್ರೀ ಮಲ್ಲಿಗಿ ವಾಸನಿ?” ಎಂದಳು. “ಯಾರೋ ಮುಡಕೊಂಡಾರ, ಸುಮ್ಕಿರು” ಎಂದೆ.

ನಾಟಕ ಶುರುವಾಗುವ ಮುಂಚೆ ಒಬ್ಬರು ಮೈಕಿನಲ್ಲಿ ನಿಯಮ ಓದಿದರು. ವಿದ್ಯಾರ್ಥಿಗಳಲ್ಲದ ನಟರು ವೇದಿಕೆಗೆ ಬಂದರೆ ಆ ಶಾಲೆಯನ್ನು ಸ್ಪರ್ಧೆಯಿಂದಲೇ ಕೈಬಿಡಲಾಗುವುದು. ನಾನು ತಲೆಯಾಡಿಸಿದೆ. ಸರಿಯಾದ ನಿಯಮ. ನಾನೇನು ನಟನಾಗಿ ಹೋಗುತ್ತೇನೆಯೇ? ಅಜ್ಜನಾಗಿ ಹೋಗುತ್ತೇನೆ!

ಪರದೆ ಎದ್ದಿತು. ನಟ್ಟನಡುವೆ ನನ್ನ ಸಿಂಚನ, ಬಿಳಿಗೂದಲು ಕಟ್ಟಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ಸತ್ತು ಮಲಗಿದ್ದಳು. ಎಂಥ ಹೆಣ ಅಂತೀರಿ! ಎದೆ ಏರಲಿಲ್ಲ. ರೆಪ್ಪೆ ಅದುರಲಿಲ್ಲ. ಮಕ್ಕಳು ಮೂವರೂ ಕಿತ್ತಾಡಿ, ಒಬ್ಬ ಕಾಲು ಎಡವಿ ಅವಳ ಮೇಲೇ ಬಿದ್ದರೂ ಮಿಸುಕಲಿಲ್ಲ. ಜಗಳ ಮುಗಿದು ಸ್ಟೇಜು ನಿಶ್ಶಬ್ದವಾಯಿತು. ಇದೇ ಸರಿಯಾದ ಹೊತ್ತು!

“ಎಲ್ಲಿಗ್ರೀ? ಏನ್ರೀ ಅದು ಕೈಯಾಗ? ರೀ!” ಎಂದು ಹಾಲಮ್ಮ ಧೋತರ ಹಿಡಿದೆಳೆಯುವಷ್ಟರಲ್ಲಿ ನಾನು ಮೆಟ್ಟಿಲು ಹತ್ತಿಯಾಗಿತ್ತು.

ಎಲ್ಲರ ಮುಂದೆ ಹಾರ ಹಾಕಿದೆ. ಅದು ಎದೆಯ ಮೇಲೆ ಬೀಳದೆ ಹೆಣದ ಮೂಗಿನ ಮೇಲೆ ಬಿತ್ತು. ಟವೆಲು ಹೊದಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು, ಅವಳು ಎದ್ದು ಕೈಮುಗಿಯಲೆಂದು ಕಾದೆ.

ಏಳಲಿಲ್ಲ.

ಮತ್ತೆ ಬಗ್ಗಿ ಕಿವಿಯಲ್ಲಿ ಹೇಳಿದೆ: “ಏಳವ್ವ, ಆಯಾರ ಆಗೈತಿ. ಕೈ ಮುಗಿ.”

ತುಟಿ ಅಲುಗಾಡಿಸದೆ ಹೆಣ ನುಡಿಯಿತು: “ಅಜ್ಜಾ, ನಾನು ಸತ್ತೀನಿ.”

“ಒಂದಾ ಒಂದು ಸಲ ಏಳವ್ವ.”

“ಏಳಂಗಿಲ್ಲ. ನೀನಾ ಹೇಳಿಕೊಟ್ಟಿ. ಈಗ ಅತ್ತು ಕೆಳಗ ಇಳಿ.”

ಅಳು ಎಂದು ಅವಳು ಹೇಳುವುದೇ ಬೇಕಿರಲಿಲ್ಲ. ಮೂಗಿನ ಮೇಲೆ ಮಲ್ಲಿಗೆ ರಾಶಿ ಇಟ್ಟುಕೊಂಡು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಸೀನು ನುಂಗುತ್ತಿದ್ದ ಆ ಮಗುವನ್ನು ನೋಡಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಎದ್ದು ಕೈಮುಗಿಯಲಿಲ್ಲ ಎಂಬ ದುಃಖವೋ, ನನಗಿಂತ ದೊಡ್ಡ ಕಲಾವಿದೆಯಾದಳು ಎಂಬ ಹೆಮ್ಮೆಯೋ, ಅಳುವಾಗ ಯಾರು ಲೆಕ್ಕ ಇಡುತ್ತಾರೆ?

ಹಿರಿಯ ಮಗನ ಪಾತ್ರದ ಹುಡುಗ ಕಣ್ಣು ಬಿಟ್ಟು ನಿಂತಿದ್ದ. ಥಟ್ಟನೆ ಅವನ ಬಾಯಿಂದ ಬಂತು: “ನೋಡ್ರೋ, ಸಂಬಂಧ ಇಲ್ಲದ ಮುದುಕ ಬಂದು ಅಳಾಕ ಹತ್ಯಾನ. ಹೆತ್ತ ಮಕ್ಕಳು ನಾವು, ಮುಂಜಾನಿಂದ ಒಬ್ಬರೂ ಅತ್ತಿಲ್ಲ!” ಮೂವರೂ ಹೆಣದ ಕಾಲಿಗೆ ಬಿದ್ದರು. ಪರದೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ!

ಪರದೆಯ ಹಿಂದೆ ಮಾತ್ರ ಫಕ್ಕೀರೇಶ ಮೇಷ್ಟ್ರ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. ತೀರ್ಪುಗಾರರ ಪೈಕಿ ಕನ್ನಡಕದ ಮೇಡಂ ಒಬ್ಬರು ನಿಯಮದ ಕಾಗದ ಹಿಡಿದು ಒಳಗೆ ಬಂದೇಬಿಟ್ಟರು. ಆಗ ನನಗೆ ಅರಿವಾಯಿತು. ಹುಡುಗರು ತಿಂಗಳುಗಟ್ಟಲೆ ಪಟ್ಟ ಕಷ್ಟವನ್ನು ನಾನು ಒಂದು ಹಾರಕ್ಕೆ ಸುತ್ತಿ ಹಾಳು ಮಾಡಿದ್ದೆ.

“ವಿದ್ಯಾರ್ಥಿಗಳನ್ನು ಬಿಟ್ಟು ಬೇರೆ ನಟರು ಬರಬಾರದು ಅಂತ ಹೇಳಿರಲಿಲ್ವೇನ್ರಿ?” ಎಂದರು ಮೇಡಂ.

“ಆತ ನಟ ಅಲ್ರಿ ಮೇಡಂ! ಹುಡುಗಿ ಅಜ್ಜ. ಖುಷಿ ತಡೀಲಾರದಾ ಹತ್ತಿಬಿಟ್ಟಾನ. ಹಾರ ಹಾಕಾಕ ಬಂದಿದ್ದ, ಅಷ್ಟಾ” ಎಂದು ಮೇಷ್ಟ್ರು ಕೈಮುಗಿದರು.

ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ನಿಜ. ನಾನೂ ಅದನ್ನೇ ಬರಕೊಂಡಿದ್ದೆ. ಎಲ್ಲರೂ ಎಷ್ಟು ಸಹಜವಾಗಿ ಮಾಡಿದರು, ಆ ಮುದುಕನ ಅಳು ಮಾತ್ರ ಸ್ವಲ್ಪವೂ ಸಹಜ ಇಲ್ಲ ಅಂತ. ಇವರು ನಟ ಅಲ್ಲ ಅನ್ನೋದು ನೋಡಿದ್ರೇ ಗೊತ್ತಾಗುತ್ತೆ. ಬಿಡಿ!”

ನಾಟಕ ಉಳಿಯಿತು. ಮೂವತ್ತು ವರ್ಷದ ನನ್ನ ಕಲಾಸೇವೆ ಅಲ್ಲಿಗೆ ಮಣ್ಣಾಯಿತು! ಆ ಹೊತ್ತಿನಲ್ಲಿ ಸ್ಟೇಜಿನ ಮೇಲೆ ನಟಿಸದೇ ಇದ್ದವನು ನಾನೊಬ್ಬನೇ. ನನ್ನ ಅಳುವೇ ಸಹಜವಲ್ಲವಂತೆ!

ಬಹುಮಾನ ಕೊಡುವಾಗ ಅದೇ ಮೇಡಂ ಮೈಕಿನಲ್ಲಿ ಹೇಳಿದರು: “ಸ್ವಂತ ಅಜ್ಜನೇ ಬಂದು ಎಬ್ಬಿಸಿದರೂ ಏಳದ ಈ ಹುಡುಗಿಗೆ ಮೊದಲನೇ ಬಹುಮಾನ.” ಸಿಂಚನ ಬಹುಮಾನದ ಕಪ್ಪು ತೆಗೆದುಕೊಂಡಳು. ಆಮೇಲೆ ತಿರುಗಿ ಒಂದು ಸೀನು ಸೀನಿದಳು ನೋಡಿ, ಮೈಕು ಕಿರುಚಿತು!

ಸಂಜೆ ಮನೆಯಲ್ಲಿ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಮಗ, ಸೊಸೆ, ಸಿಂಚನ, ನಾನು ಸಾಲಾಗಿ ಕೂತೆವು. ಮೇಷ್ಟ್ರನ್ನೂ ಬಿಡದೆ ಕರೆತಂದಿದ್ದೆವು. ಹಾಲಮ್ಮ ಬಡಿಸುತ್ತಾ ಬಡಿಸುತ್ತಾ ತನ್ನ ತಾಟನ್ನೂ ಮೊಮ್ಮಗಳ ಪಕ್ಕಕ್ಕೆ ಎಳೆದುಕೊಂಡಳು. ಕಪ್ಪು ನಡುವೆ ಇತ್ತು. ಅದಕ್ಕೂ ಒಂದು ಚಮಚ ಹುಗ್ಗಿ ಬಡಿಸಿದ್ದಳು.

ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಸಿಂಚನ ಎದ್ದು ಹೋದಳು. ಚೀಲದಿಂದ ಜರಿ ಟವೆಲು ತಂದು, ಎಲ್ಲರ ಮುಂದೆ ನನ್ನ ಹೆಗಲಿಗೆ ಹೊದಿಸಿದಳು. ಬಾಡಿದ ಮಲ್ಲಿಗೆ ಹಾರವನ್ನೂ ಕೊರಳಿಗೆ ಹಾಕಿದಳು.

“ಹೆಣದ ಮೇಷ್ಟ್ರಿಗೆ ಮೊಮ್ಮಗಳ ಆಯಾರ!” ಎಂದಳು.

ಮೂವತ್ತು ವರ್ಷ ಕಾದ ಟವೆಲು! ಪದ್ಧತಿ ಬಿಡಲಾದೀತೇ? ಎದ್ದು ನಿಂತು ಕೈಮುಗಿಯಲು ಹೊರಟೆ. ಕೈಯಲ್ಲಿದ್ದ ಹುಗ್ಗಿಯ ತುತ್ತು ಜಾರಿ, ನೇರವಾಗಿ ಹೊಸ ಟವೆಲಿನ ಜರಿಯ ಮೇಲೆ ಬಿತ್ತು.

“ಸಾಕು ಕೂಡ್ರಿ!” ಎಂದಳು ಹಾಲಮ್ಮ, ಸೆರಗಿನಿಂದ ನನ್ನ ಹೆಗಲು ಒರೆಸುತ್ತಾ. “ಇವತ್ತಾರ ಹೆಣದಂಗ ಸುಮ್ಕ ಉಣ್ರಿ.”

ಕೂತೆ. ಉಂಡೆ. ಆದರೆ ಮೇಡಂ ಹೇಳಿದ್ದು ಖರೆ, ನಾನು ನಟನಲ್ಲ. ಇನ್ನೊಂದು ಸೌಟು ಬಡಿಸಿದಾಗಲೆಲ್ಲ ಹೆಣ ಎದ್ದು ತಾಟು ಮುಂದೆ ಒಡ್ಡುತ್ತಿತ್ತು!