ಕಿವಿ ಪರೀಕ್ಷೆಯಲ್ಲಿ ನಮ್ಮತ್ತೆಯ ನಕಲು

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದೇ ಒಂದು ಸಲ ಪರೀಕ್ಷೆಯಲ್ಲಿ ನಕಲು ಹೊಡೆದಿದ್ದಾರೆ. ಅದೂ ಅರವತ್ತೆಂಟನೇ ವಯಸ್ಸಿನಲ್ಲಿ, ಕಿವಿಯ ಪರೀಕ್ಷೆಯಲ್ಲಿ!

ಸೇಡಂನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು; ಹುಡುಗರ ಕಾಲುಚೀಲದೊಳಗಿನ ನಕಲು ಚೀಟಿಯನ್ನೂ ಎಳೆದು ತೆಗೆದವರು. ಈಚೆಗೆ ಮಾತ್ರ ‘ಗ್ಯಾಸ್ ಬಂತು’ ಎಂದರೆ ಬಸ್ ಬಂತೆಂದು ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದರು. ಕೇಳಿದರೆ, ಈಗಿನ ಮಂದಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ ಎಂಬ ತೀರ್ಪು. ನಾನೂ ನಗುತ್ತಿದ್ದೆ. ಆದರೆ ಒಂದು ದಿನ ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿದ್ದರೂ ಅವರು ನಡುರಸ್ತೆಯಲ್ಲಿ ನಿಧಾನ ನಡೆದೇ ಇದ್ದರು. ನಾನು ಓಡಿಹೋಗಿ ತೋಳು ಹಿಡಿದು ರಸ್ತೆಯಂಚಿಗೆ ಎಳೆದುಕೊಂಡೆ.

ಕಿವಿ ತೋರಿಸಲೆಂದು ಕಲಬುರಗಿಗೆ ರೈಲು ಹತ್ತಿದೆವು. ಚಿತ್ತಾಪುರ ದಾಟುವವರೆಗೂ ಅತ್ತೆಯದು ಒಂದೇ ವಿಚಾರಣೆ: ಏನೇನು ಕೇಳುತ್ತಾರೆ, ಎಷ್ಟಕ್ಕೆ ಪಾಸು? ವಾಡಿಯಲ್ಲಿ ಗಾಡಿ ನಿಂತಾಗ ದನಿ ತಗ್ಗಿಸಿ, “ನಾಪಾಸಾದ್ರ ನಿಮ್ಮ ಮಾವಗ ಹೇಳಬ್ಯಾಡ” ಎಂದರು.

ಪರೀಕ್ಷೆ ಮಾಡುವ ಹುಡುಗಿ ಅವರನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಎಷ್ಟು ಸಣ್ಣ ಸದ್ದು ಕೇಳಿದರೂ ಒತ್ತಬೇಕು. ಅತ್ತೆ ಒತ್ತಿದ್ದೇ ಒತ್ತಿದ್ದು! ಹುಡುಗಿಯ ಹುಬ್ಬು ಮಾತ್ರ ಗಂಟಾಗುತ್ತ ಹೋಯಿತು.

ಫಲಿತಾಂಶದ ಹಾಳೆ ಹೊರಬಿದ್ದದ್ದೇ ತಡ, ಅತ್ತೆ ಕಸಿದುಕೊಂಡು ನೋಡಿ ಬಿಳಿಚಿಕೊಂಡರು. ಕೆಂಪು ಸೊನ್ನೆಗಳ ಸಾಲೊಂದು, ನೀಲಿ ತಪ್ಪು ಗುರುತುಗಳ ಸಾಲೊಂದು.

“ಬಲಗಿವಿಗಿ ಎಲ್ಲಾ ಸೊನ್ನಿ, ಎಡಗಿವಿಗಿ ಎಲ್ಲಾ ತಪ್ಪು.”

ಸೊನ್ನೆಯೆಂದರೆ ಬಲಗಿವಿ, ತಪ್ಪು ಗುರುತೆಂದರೆ ಎಡಗಿವಿ, ಅಷ್ಟೇ; ಗುರುತು ಕೆಳಗಿಳಿದಷ್ಟೂ ಕೇಳಿಸಲು ಸದ್ದು ದೊಡ್ಡದಿರಬೇಕು ಎಂದರ್ಥ; ಇಲ್ಲಿ ಪಾಸು ನಾಪಾಸು ಇಲ್ಲ ಎಂದು ಹುಡುಗಿ ವಿವರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಆದರ ಅಕ್ಕೋರ, ಈ ಹಾಳಿ ನಂಬಲಿಕ್ಕ ಬರಂಗಿಲ್ಲ. ನಾ ಸದ್ದು ಬಿಡದಿದ್ದಾಗನೂ ಒತ್ತೀರಿ. ಗಾಜಿನಾಗಿಂದ ನನ್ನ ಕೈ ನೋಡಾಕತ್ತಿದ್ರಿ.”

ಮೂವತ್ತು ವರ್ಷ ನಕಲು ಹಿಡಿದವರು ತಲೆ ತಗ್ಗಿಸಿದರು. ಸಾಲದ್ದಕ್ಕೆ ಬಲಗಿವಿಯಲ್ಲಿ ಗುಗ್ಗೆ ಕಟ್ಟಿತ್ತು, ನೆಗಡಿಯೂ ಇತ್ತು. ಊಹೆಯಿಂದ ಒತ್ತಿದರೆ ಕಿವಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಗುಗ್ಗೆ, ನೆಗಡಿಗಳಿಂದ ಇದ್ದದ್ದಕ್ಕಿಂತ ಕೆಟ್ಟದಾಗಿ. ಡಾಕ್ಟರ ಹತ್ತಿರ ಗುಗ್ಗೆ ತೆಗೆಸಿಕೊಂಡು, ನೆಗಡಿ ಹೋದ ಮೇಲೆ ಬನ್ನಿ, ಹಿಂದಿನ ದಿನ ಧ್ವನಿವರ್ಧಕದ ಗದ್ದಲಕ್ಕೆ ಹೋಗಬೇಡಿ ಎಂದು ಕಳಿಸಿದಳು.

ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಚೇಷ್ಟೆಗೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮಾತಾಡಿದರು.

“ಗಂಟಲ ಆಪರೇಷನ್ ಆದಾಗಿಂದ ನಿಮ್ಮ ಮಾವಂದು ಪಿಸುದನಿ ಅಷ್ಟೇ ಉಳದದ. ಒಂದು ಮಾತಿಗಿ ಎಷ್ಟು ತ್ರಾಸ ಪಡ್ತಾರ. ನನಗ ಅದು ಕೇಳಸಂಗಿಲ್ಲ. ಮತ್ತೊಮ್ಮೆ ಹೇಳ್ರಿ ಅಂತ ಹ್ಯಾಂಗ ಅನ್ಲಿ? ಎಲ್ಲಾದಕ್ಕೂ ಹೂಂ ಅಂತೀನಿ.”

ನಾನು ಅವರ ಕೈ ಹಿಡಿದು ಎಬ್ಬಿಸಿದೆ.

ಎರಡು ವಾರದ ನಂತರ ಮತ್ತೆ ಹೋದೆವು. ಈ ಸಲ ಕುರ್ಚಿಯ ಬೆನ್ನು ಗಾಜಿನ ಕಡೆಗೆ. ಅತ್ತೆ ಪ್ರಾಮಾಣಿಕವಾಗಿ ಕುಳಿತರು. ಅವರ ಹೆಬ್ಬೆರಳು ಅಲ್ಲಾಡದೆ ಉಳಿದ ಒಂದೊಂದು ಗಳಿಗೆಯೂ ನನಗೆ ಭಯ ಹುಟ್ಟಿಸಿತು. ದಪ್ಪ ದನಿಯ ಸದ್ದುಗಳು ಒಂದಿಷ್ಟು ಕೇಳುತ್ತಿದ್ದವು. ಕೀರಲು ದನಿಯ ಸದ್ದುಗಳ ಕಡೆ ಮಾತ್ರ ಹಾಳೆಯ ಗೆರೆ ಎರಡೂ ಕಿವಿಗೆ ಇಳಿಜಾರು ಹಿಡಿದಿತ್ತು. ವಯಸ್ಸಿನದು, ಮರಳಿ ಬರುವುದಿಲ್ಲ, ಕಿವಿಗೆ ಯಂತ್ರ ಹಾಕಬೇಕು ಎಂದಳು ಹುಡುಗಿ. ಅತ್ತೆ ಆ ಗೆರೆಯ ಮೇಲೆ ಬೆರಳಾಡಿಸಿ, ಹೂಂ ಎಂದರು.

ಯಂತ್ರ ಹಾಕಿಕೊಂಡು ಬಂದ ಸಂಜೆ ಮಾವನಿಗೆ ಚಹಾ ಕೊಟ್ಟರು. ಒಂದು ಗುಟುಕು ಕುಡಿದು ಮಾವನ ತುಟಿ ಅಲುಗಿತು. ಅತ್ತೆ ನಿಂತಲ್ಲೇ ನಿಂತರು.

“ಸಕ್ಕರಿ ಭಾಳ ಆಗ್ಯದ ಅಂದ್ರೇನ್ರಿ? ದಿನಾ ಇದನ್ನೇ ಹೇಳಾಕತ್ತಿದ್ರೇನು?”

ಮಾವ ಹೌದೆಂದು ತಲೆಯಾಡಿಸಿದರು. ಇಷ್ಟು ದಿನ ಆ ಮಾತಿಗೆ ಅತ್ತೆ ಹೂಂ ಎಂದು, ಪಾಪ, ಇನ್ನೊಂದು ಚಮಚ ಹಾಕುತ್ತಿದ್ದರಂತೆ.

ಅತ್ತೆ ಅವರ ಕೈಯಿಂದ ಕಪ್ ತೆಗೆದುಕೊಂಡು ಪಕ್ಕದಲ್ಲೇ ಕುಳಿತರು; ಆ ಪಾಕದಂಥ ಚಹಾವನ್ನು ಕೊನೆಯ ಹನಿಯವರೆಗೂ ತಾವೇ ಕುಡಿದರು.